ಗಾಲ್ಫ್ ಮೈದಾನದಲ್ಲಿ ದಿಕ್ಕು ತೋರುವ ಕಡ್ಡಿ
ಭಾನುವಾರದ ಆಟ, ನಿಯಮ ಮತ್ತು ಮರ್ಯಾದೆ

ಗಾಲ್ಫ್ ಎಂಬುದು ಶ್ರೀಮಂತರ ವಿನೋದವೆಂದೂ, ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ನಮ್ಮ ವಾಚಕರಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದೂ ಹೇಳುವವರುಂಟು. ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿಗಾಗಿ ಈ ಲೇಖನ. ಚೆಂಬೂರಿನಲ್ಲಿ ೧೯೨೭ರಲ್ಲಿ ಸ್ಥಾಪಿತವಾದ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು ನಮ್ಮವರ ಹೋಟೆಲುಗಳಿಂದ ಕೂಗಳತೆಯ ದೂರದಲ್ಲಿದೆ. ಕಲ್ಕತ್ತೆಯಲ್ಲಿ ೧೮೨೯ರಿಂದಲೂ ಬೆಂಗಳೂರಿನಲ್ಲಿ ೧೮೭೬ರಿಂದಲೂ ಈ ಆಟಕ್ಕೆ ಕ್ಲಬ್ಬುಗಳಿವೆ. ಇಂತಹ ಕ್ಲಬ್ಬುಗಳ ಅಡುಗೆಮನೆಯಲ್ಲಿಯೂ ಲೆಕ್ಕಪತ್ರದ ಮೇಜಿನಲ್ಲಿಯೂ ದುಡಿಯುವವರು ನಮ್ಮಲ್ಲಿದ್ದಾರೆ. ಆಟಗಾರರ ಚೀಲ ಹೊರುವ ಕ್ಯಾಡಿ ಹುಡುಗರು ಪಾಳಿ ಮುಗಿಸಿ ನಮ್ಮ ಬೆಂಚುಗಳ ಮೇಲೆಯೇ ಕುಳಿತು ಚಹಾ ಕುಡಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕಂಪೆನಿಗಳ ದೊಡ್ಡ ಗುಮಾಸ್ತರನ್ನು ಮ್ಯಾನೇಜರರು ಭಾನುವಾರದ ಆಟಕ್ಕೆ ಕರೆದೊಯ್ಯುವ ಪದ್ಧತಿಯೂ ಬೆಳೆದಿದೆ.

ಹೀಗೆ ಕರೆಸಿಕೊಂಡವರಲ್ಲಿ ನಮ್ಮ ಪರಿಚಿತರೊಬ್ಬರಿದ್ದಾರೆ. ನಲವತ್ತು ದಾಟಿದ ಮೇಲೆ ಆಟ ಕಲಿತವರು. ಕಲಿತದ್ದನ್ನು ಲೆಡ್ಜರು ಬರೆಯುವಷ್ಟೇ ನಿಷ್ಠೆಯಿಂದ ಕಲಿತವರು. ನಾಲ್ವರು ಆಡುತ್ತಿದ್ದರು, ಸೋತವರು ಉಪಾಹಾರದ ಬಿಲ್ಲು ಕೊಡತಕ್ಕದ್ದೆಂದು ಪಣ. ಏಳನೆಯ ಕುಳಿಗೆ ಹೊಡೆಯುವಾಗ ಮ್ಯಾನೇಜರರು ಚೀಲದಿಂದ ಕಿತ್ತಳೆ ಬಣ್ಣದ ಉದ್ದನೆಯ ಕಡ್ಡಿಯೊಂದನ್ನು ತೆಗೆಸಿ, ಕ್ಯಾಡಿ ಹುಡುಗನಿಂದ ತಮ್ಮ ಪಾದಗಳ ಮುಂದೆ ಇಡಿಸಿ, ಅದರ ನೇರಕ್ಕೆ ನಿಂತು ಚೆಂಡನ್ನು ಹೊಡೆದರು. ಹೊಡೆತವು ಸೊಗಸಾಗಿ ಹೋಯಿತು. ಆಗ ನಮ್ಮ ಪರಿಚಿತರು, ‘ಸಾಹೇಬರೇ, ಕಡ್ಡಿ ಇಟ್ಟು ಹೊಡೆಯುವುದು ನಿಯಮಕ್ಕೆ ಹೊಂದುವುದಿಲ್ಲವಲ್ಲ’ ಎಂದರು. ‘ಇದೇನು ಪಂದ್ಯಾವಳಿಯೇನ್ರೀ?’ ಎಂದು ಸಾಹೇಬರು ನಕ್ಕರು; ಆದರೆ ಆ ನಗೆ ಹದಿನೆಂಟನೆಯ ಕುಳಿಯವರೆಗೆ ಉಳಿಯಲಿಲ್ಲ. ಕ್ಯಾಡಿ ಹುಡುಗನಿಗೆ ಅಂದು ಇನಾಮು ಕಡಿಮೆಯಾಯಿತು. ಸೋಮವಾರ ಕಚೇರಿಯಲ್ಲಿ ಮಾತು ಬಿಗಿಯಾಯಿತು. ‘ನಾನು ಹೇಳಿದ್ದು ಸರಿಯೋ, ಸಾಹೇಬರು ಹೇಳಿದ್ದು ಸರಿಯೋ?’ ಎಂಬುದು ಅವರು ನಮ್ಮಲ್ಲಿಗೆ ತಂದ ಪ್ರಶ್ನೆ.

ಉತ್ತರಕ್ಕೆ ಮುನ್ನ ಈ ಕಡ್ಡಿಯ ಅವಶ್ಯಕತೆಯೇನೆಂಬುದನ್ನು ತಿಳಿಯಬೇಕು. ಬಂದೂಕಿನಿಂದ ಗುರಿಯಿಡುವವನು ಗುರಿಯ ಹಿಂದೆ ಕಣ್ಣಿಟ್ಟು ನೋಡುತ್ತಾನೆ. ಗಾಲ್ಫ್ ಆಟಗಾರನಿಗೆ ಆ ಭಾಗ್ಯವಿಲ್ಲ. ಅವನು ಗುರಿಗೆ ಪಕ್ಕವಾಗಿ ನಿಂತು, ತಲೆಬಾಗಿಸಿ ಚೆಂಡನ್ನು ನೋಡುತ್ತ, ನೂರಿನ್ನೂರು ಗಜದಾಚೆಯ ಬಾವುಟದ ಕಡೆಗೆ ಹೊಡೆಯಬೇಕು. ರೈಲು ಕಂಬಿಗಳನ್ನು ನೆನೆದುಕೊಳ್ಳಿರಿ: ಚೆಂಡೂ ಬಾವುಟವೂ ಒಂದು ಕಂಬಿಯ ಮೇಲಿದ್ದರೆ, ಆಟಗಾರನ ಪಾದಗಳು ಇನ್ನೊಂದು ಕಂಬಿಯ ಮೇಲಿರಬೇಕು. ಹೊಸಬರು ಪಾದಗಳನ್ನೇ ಬಾವುಟದತ್ತ ತಿರುಗಿಸಿ ನಿಲ್ಲುವರು. ಆಗ ಎರಡು ಕಂಬಿಗಳೂ ಮುಂದೆ ಕೂಡಿಕೊಂಡಂತಾಗಿ ಲೆಕ್ಕ ಕೆಡುತ್ತದೆ. ಒಂದೇ ಡಿಗ್ರಿ ತಪ್ಪಿದರೂ ಇನ್ನೂರು ಗಜದ ದೂರದಲ್ಲಿ ಚೆಂಡು ಮೂರೂವರೆ ಗಜ ಪಕ್ಕಕ್ಕೆ ಬೀಳುವುದು. ಐದು ಡಿಗ್ರಿ ತಪ್ಪಿದರೆ ಹದಿನೇಳು ಗಜಕ್ಕೂ ಮಿಕ್ಕಿ. ಸೇರಬೇಕಾದ ಕುಳಿಯೋ ಕೇವಲ ೪¼ ಅಂಗುಲ ಅಗಲದ್ದು. ತಾನು ನೇರವಾಗಿ ನಿಂತಿದ್ದೇನೆಂದು ಆಟಗಾರನಿಗೆ ತೋರುವುದಕ್ಕೂ ನಿಜವಾಗಿ ನಿಂತಿರುವುದಕ್ಕೂ ಅಂತರವಿರುವುದೇ ಇಲ್ಲಿಯ ತೊಡಕು. ಆ ಅಂತರವನ್ನು ತೋರಿಸಿಕೊಡುವುದಕ್ಕಾಗಿಯೇ ಸುಮಾರು ನಾಲ್ಕು ಅಡಿ ಉದ್ದದ ತೆಳುವಾದ ಕಡ್ಡಿ. ‘ಅಲೈನ್‌ಮೆಂಟ್ ಸ್ಟಿಕ್’ ಎಂದು ಅದನ್ನು ಕರೆಯುತ್ತಾರೆ. ಗಾರೆಯವನು ಗೋಡೆ ಕಟ್ಟುವಾಗ ದಾರ ಹಿಡಿಯುವನಲ್ಲವೆ, ಅದೇ ಕೆಲಸ.

ಅಭ್ಯಾಸದ ಬಯಲಿನಲ್ಲಿ ಈ ಕಡ್ಡಿಗಿಂತ ಒಳ್ಳೆಯ ಗುರುವಿಲ್ಲ. ಆದರೆ ಆಟ ಆರಂಭವಾದೊಡನೆ ಅದರ ಸ್ಥಾನ ಬದಲಾಗುತ್ತದೆ. ಮನೆಯಲ್ಲಿ ಪುಸ್ತಕ ತೆರೆದಿಟ್ಟು ಓದಿದ ಹುಡುಗನೇ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗೆ ಬರಿಗೈಯಲ್ಲಿ ಹೋಗಬೇಕು. ನೇರವಾಗಿ ನಿಲ್ಲುವುದು ಈ ಆಟದ ಕೌಶಲಗಳಲ್ಲಿ ಒಂದಾಗಿರುವುದರಿಂದ ಅದನ್ನು ಆಟಗಾರನೇ ಮಾಡತಕ್ಕದ್ದೆಂಬುದು ನಿಯಮಕಾರರ ಅಭಿಪ್ರಾಯ.

ಈ ಆಟಕ್ಕೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ನಿಯಮಗಳು ೧೭೪೪ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಎಡಿನ್‌ಬರೋದ ಆಟಗಾರರು ಬರೆದಿಟ್ಟ ೧೩ ವಿಧಿಗಳು. ಈಗ ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆಯೂ ಅಮೆರಿಕದ ಗಾಲ್ಫ್ ಸಂಘವೂ ಕೂಡಿ ಜಗತ್ತಿಗೆಲ್ಲ ಒಂದೇ ನಿಯಮಾವಳಿಯನ್ನು ಹೊರಡಿಸುತ್ತವೆ. ೨೦೧೯ರಲ್ಲಿ ಅದನ್ನು ಬಹಳಷ್ಟು ಬದಲಿಸಿದರು. ೨೦೨೩ರಲ್ಲಿ ಮತ್ತೆ ತಿದ್ದಿದರು. ೨೦೧೯ಕ್ಕೆ ಮೊದಲು ಆಟಗಾರನು ತನ್ನ ಕೋಲನ್ನೇ ನೆಲದ ಮೇಲೆ ಮಲಗಿಸಿ, ಅದರ ನೇರಕ್ಕೆ ಪಾದ ಹೊಂದಿಸಿಕೊಂಡು, ಹೊಡೆಯುವ ಮುನ್ನ ಅದನ್ನು ತೆಗೆದುಬಿಟ್ಟರೆ ಆಕ್ಷೇಪಣೆಯಿರಲಿಲ್ಲ. ಈಗ ಹಾಗಿಲ್ಲ. ಗುರಿಗಾಗಲಿ ನಿಲುವಿಗಾಗಲಿ ಸಹಾಯವಾಗುವಂತೆ ಕಡ್ಡಿಯನ್ನೋ ಕೋಲನ್ನೋ ಬೇರಾವ ವಸ್ತುವನ್ನೋ ನೆಲದ ಮೇಲೆ ಇಡಲೇ ಕೂಡದು. ಹೊಡೆತಕ್ಕೆ ಮುನ್ನ ತೆಗೆದರೂ ದಂಡ ತಪ್ಪುವುದಿಲ್ಲ. ಹೊಡೆತಗಳನ್ನು ಎಣಿಸುವ ಆಟದಲ್ಲಿ ಎರಡು ಹೊಡೆತಗಳ ದಂಡ. ಒಬ್ಬರಿಗೊಬ್ಬರು ಎದುರಾಗಿ ಆಡುವ ಆಟದಲ್ಲಿ ಆ ಕುಳಿಯನ್ನೇ ಸೋತಂತೆ. ಕಡ್ಡಿಯನ್ನು ಕೈಯಲ್ಲಿ ಹಿಡಿದು ಬೀಸಿ ಅಭ್ಯಾಸ ಮಾಡುವುದಕ್ಕೂ ಆಟದ ನಡುವೆ ನಿಷೇಧವಿದೆ. ಆದರೆ ಚೀಲದಲ್ಲಿ ಒಯ್ಯುವುದಕ್ಕೆ ನಿಷೇಧವಿಲ್ಲ. ಹೊರಗೆ ತೆಗೆದು ಬಳಸಿದಾಗಲೇ ತಪ್ಪು.

ಹಾಗಾದರೆ ಆಟಗಾರನು ಕುರುಡನಂತೆ ನಿಲ್ಲಬೇಕೆ? ಇಲ್ಲ. ಕೋಲನ್ನು ಕೈಯಲ್ಲಿಯೇ ಹಿಡಿದು ಎದೆಗೋ ತೊಡೆಗೋ ಅಡ್ಡಲಾಗಿ ಇಟ್ಟು ದಿಕ್ಕು ನೋಡಿಕೊಳ್ಳಬಹುದು. ಕೈ ಬಿಟ್ಟು ನೆಲಕ್ಕಿಡಬಾರದು, ಅಷ್ಟೆ. ಚೆಂಡಿನ ಮೇಲೆ ಒಂದು ಗೆರೆ ಎಳೆದುಕೊಂಡು, ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ ಚೆಂಡನ್ನು ಎತ್ತಿ ಮತ್ತೆ ಇಡುವಾಗ ಆ ಗೆರೆಯನ್ನು ಗುರಿಯತ್ತ ತಿರುಗಿಸಬಹುದು. ಚೆಂಡಿನ ಮುಂದೆ ಮೂರು ನಾಲ್ಕು ಅಡಿ ದೂರದಲ್ಲಿ ತಾನಾಗಿ ಬಿದ್ದಿರುವ ಒಣಗಿದ ಎಲೆಯನ್ನೋ ಹುಲ್ಲಿನ ಬೋಳು ಮಚ್ಚೆಯನ್ನೋ ಗುರುತು ಮಾಡಿಕೊಂಡು ಅದರ ಮೇಲಿಂದ ಹೊಡೆಯಬಹುದು. ಹದಿನೆಂಟು ದೊಡ್ಡ ಪಂದ್ಯಾವಳಿಗಳನ್ನು ಗೆದ್ದ ಜಾಕ್ ನಿಕ್ಲಾಸರ ಪ್ರಸಿದ್ಧ ಕ್ರಮ ಇದೇ. ಎಲೆಯನ್ನು ತಂದು ಇಟ್ಟರೆ ಮಾತ್ರ ತಪ್ಪು! ಇನ್ನೂ ವಿನೋದವೆಂದರೆ, ದಿಕ್ಸೂಚಿಯನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೆ ಅಡ್ಡಿಯಿಲ್ಲ. ಹಡಗಿನ ಕಪ್ತಾನನ ಉಪಕರಣಕ್ಕೆ ಪ್ರವೇಶವಿದ್ದು ನಾಲ್ಕಡಿ ಕಡ್ಡಿಗೆ ಇಲ್ಲದಿರುವುದು ವಿಚಿತ್ರವೆಂದು ತೋರಬಹುದು. ಆದರೆ ದಿಕ್ಸೂಚಿಯು ದಿಕ್ಕನ್ನು ಹೇಳುತ್ತದೆಯೇ ಹೊರತು ಪಾದಗಳನ್ನು ಸರಿಪಡಿಸುವುದಿಲ್ಲ.

ಉಪಕರಣದ ವಿಷಯದಲ್ಲಿ ನಿಯಮವು ಹಿಂದೆ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಒಂದು ನಿದರ್ಶನ. ೨೦೧೦ರ ಆಗಸ್ಟಿನಲ್ಲಿ ಅಮೆರಿಕದ ಓರೆಗಾನ್ ಪ್ರಾಂತದಲ್ಲಿ ನಡೆದ ಮಹಿಳೆಯರ ಪಂದ್ಯಾವಳಿಯಲ್ಲಿ ಜೂಲಿ ಇಂಕ್‌ಸ್ಟರ್ ಎಂಬ ಹಿರಿಯ ಆಟಗಾರ್ತಿ, ಮುಂದಿನ ತಂಡವು ತಡಮಾಡಿದ್ದರಿಂದ ಹತ್ತನೆಯ ಕುಳಿಯ ಬಳಿ ಬಹಳ ಹೊತ್ತು ಕಾದರು. ಐವತ್ತು ವಯಸ್ಸಿನ ಮೈ. ಬಿಗಿದುಕೊಳ್ಳಬಾರದೆಂದು ಕೋಲಿಗೆ ತೂಕದ ಬಳೆಯೊಂದನ್ನು ತೊಡಿಸಿ ಕೆಲವು ಬಾರಿ ಬೀಸಿದರು. ದೂರದರ್ಶನದಲ್ಲಿ ಅದನ್ನು ಕಂಡ ಪ್ರೇಕ್ಷಕರೊಬ್ಬರು ಪತ್ರ ಕಳುಹಿಸಿದರು. ಆಕೆಯನ್ನು ಪಂದ್ಯದಿಂದಲೇ ಹೊರಗೆ ಹಾಕಲಾಯಿತು. ಅಂದಿನ ನಿಯಮದಲ್ಲಿ ಮೊದಲ ತಪ್ಪಿಗೇ ಆ ಶಿಕ್ಷೆಯಿತ್ತು. ೨೦೧೬ರಿಂದ ಮೊದಲ ತಪ್ಪಿಗೆ ಎರಡು ಹೊಡೆತ, ಎರಡನೆಯ ತಪ್ಪಿಗೆ ಬಹಿಷ್ಕಾರ ಎಂದು ಸಡಿಲಿಸಿದ್ದಾರೆ. ಆಕೆಗೆ ಆ ಸಡಿಲಿಕೆ ಐದು ವರ್ಷಕ್ಕೂ ಹೆಚ್ಚು ತಡವಾಯಿತು.

ಕಡ್ಡಿಯ ಸ್ಥಾನದಲ್ಲಿ ಮನುಷ್ಯನೇ ನಿಂತರೆ ಏನಾಗುವುದು? ನಮ್ಮ ಕ್ಯಾಡಿ ಹುಡುಗರು ಓದಬೇಕಾದುದು ಈ ಭಾಗ. ಮಹಿಳೆಯರ ಪಂದ್ಯಗಳಲ್ಲಿ ವಿಶೇಷವಾಗಿ, ಕ್ಯಾಡಿಯು ಆಟಗಾರ್ತಿಯ ಬೆನ್ನ ಹಿಂದೆ ಚೆಂಡಿನ ನೇರಕ್ಕೆ ನಿಂತು, ‘ಇನ್ನೂ ಸ್ವಲ್ಪ ಎಡಕ್ಕೆ’ ಎಂದು ಸರಿಪಡಿಸುವ ರೂಢಿ ಬಹುಕಾಲ ನಡೆಯಿತು. ೨೦೧೯ರಲ್ಲಿ ಅದನ್ನು ನಿಲ್ಲಿಸಿದರು. ಆಟಗಾರನು ನಿಲುವು ತೆಗೆದುಕೊಳ್ಳಲು ಆರಂಭಿಸಿದ ಕ್ಷಣದಿಂದ ಕ್ಯಾಡಿಯು ಬೇಕೆಂದು ಅವನ ಹಿಂದಿನ ನೇರದಲ್ಲಿ ನಿಲ್ಲಕೂಡದು. ಅದೇ ವರ್ಷದ ಜನವರಿಯಲ್ಲಿ ದುಬಾಯಿಯಲ್ಲಿ ಚೀನದ ಲೀ ಹಾವ್‌ಟಾಂಗ್ ಎಂಬ ತರುಣನು ಕೊನೆಯ ಕುಳಿಯಲ್ಲಿ ಚಿಕ್ಕದೊಂದು ಹೊಡೆತವನ್ನು ಸೇರಿಸಿ ಮೂರನೆಯ ಸ್ಥಾನವನ್ನು ಹಂಚಿಕೊಂಡೆನೆಂದು ಹರ್ಷಿಸುತ್ತಿದ್ದಾಗ, ಅವನ ಕ್ಯಾಡಿಯು ಕ್ಷಣಕಾಲ ಹಿಂದೆ ನಿಂತಿದ್ದನೆಂಬ ಕಾರಣಕ್ಕೆ ಎರಡು ಹೊಡೆತಗಳ ದಂಡ ಬಿದ್ದಿತು. ಹನ್ನೆರಡನೆಯ ಸ್ಥಾನಕ್ಕೆ ಜಾರಿದನು. ಕ್ಯಾಡಿಯು ಅವನಿಗೆ ದಿಕ್ಕು ಹೇಳಿಕೊಟ್ಟನೆಂದು ಯಾರೂ ಆರೋಪಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ಡೆನ್ನಿ ಮೆಕಾರ್ಥಿ ಎಂಬಾತನಿಗೆ ಇದೇ ದಂಡ ವಿಧಿಸಿ, ಗದ್ದಲವೆದ್ದ ಮೇಲೆ ಹಿಂತೆಗೆದುಕೊಂಡರು. ಫೆಬ್ರವರಿಯಲ್ಲಿ ನಿಯಮಕಾರರು ಸ್ಪಷ್ಟೀಕರಣ ಹೊರಡಿಸಿ, ಆಟಗಾರನು ನಿಲುವಿನಿಂದ ಹಿಂದೆ ಸರಿದು ಹೊಸದಾಗಿ ನಿಂತರೆ ದಂಡವಿಲ್ಲವೆಂದರು. ಲೀಯ ದಂಡ ಮಾತ್ರ ಹಾಗೆಯೇ ಉಳಿಯಿತು. ಇದು ನ್ಯಾಯವೆಂದು ನಮಗಂತೂ ತೋರುವುದಿಲ್ಲ.

ಕ್ಯಾಡಿಯು ಮಾಡಬಹುದಾದುದೂ ಇದೆ. ದಿಬ್ಬದಾಚೆ ಬಾವುಟ ಕಾಣದಿದ್ದಲ್ಲಿ, ದಿಬ್ಬದ ಮೇಲೆ ನಿಂತು ಗುರಿಯ ದಾರಿಯನ್ನು ತೋರಿಸಬಹುದು; ಹೊಡೆತಕ್ಕೆ ಮುನ್ನ ಅಲ್ಲಿಂದ ಸರಿದುಬಿಡಬೇಕು. ಗಾಳಿ, ದೂರ, ಇಳಿಜಾರುಗಳ ವಿಷಯ ಹೇಳಬಹುದು. ನಮ್ಮ ಬೆಂಗಳೂರಿನ ಅದಿತಿ ಅಶೋಕರು ಟೋಕಿಯೋ ಒಲಿಂಪಿಕ್ಸಿನಲ್ಲಿ (೨೦೨೧ರ ಆಗಸ್ಟಿನಲ್ಲಿ) ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಚೀಲ ಹೊತ್ತವರು ಅವರ ತಾಯಿಯೇ. ಮಗಳಿಗೆ ಸಲಹೆ ಹೇಳುವ ಹಕ್ಕು ಆ ತಾಯಿಗಿತ್ತು. ಬೆನ್ನ ಹಿಂದೆ ನಿಂತು ಪಾದ ಸರಿಪಡಿಸುವ ಹಕ್ಕು ಇರಲಿಲ್ಲ.

ಕ್ಯಾಡಿಯ ತಪ್ಪಿಗೆ ದಂಡ ಬೀಳುವುದು ಆಟಗಾರನಿಗೆ. ಸಾಹೇಬರು ‘ಇಡು’ ಎಂದರು, ಹುಡುಗನು ಕಡ್ಡಿ ಇಟ್ಟನು. ದಂಡ ಸಾಹೇಬರಿಗೆ, ಸಾಹೇಬರ ಸಿಟ್ಟು ಹುಡುಗನಿಗೆ, ಇನಾಮಿನ ನಷ್ಟವೂ ಹುಡುಗನಿಗೇ. ಹೋಟೆಲಿನಲ್ಲಿಯೂ ಹೀಗೆಯೇ ಅಲ್ಲವೆ? ಗಿರಾಕಿ ತಪ್ಪಾಗಿ ಕೇಳಿದ ತಿಂಡಿಯನ್ನು ತಂದಿಟ್ಟ ಮಾಣಿಯೇ ಗಲ್ಲೆಯ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಚೀಲ ಹೊರುವವನು ನಿಯಮ ತಿಳಿದಿದ್ದು, ಕಡ್ಡಿ ತೆಗೆಯುವ ಮೊದಲೇ, ‘ಸಾಬ್, ಇಟ್ಟರೆ ಎರಡು ಹೊಡೆತ ದಂಡ ಬೀಳುತ್ತದೆ, ಇಡಲೋ?’ ಎಂದು ಕೇಳಿಬಿಡುವುದು ಲೇಸು. ಇಷ್ಟು ಕೇಳಿದ ಹುಡುಗನನ್ನು ಗದರಿಸುವ ಆಟಗಾರರು ವಿರಳ. ಮುಂದೆ ಅವನನ್ನೇ ಹುಡುಕಿ ಕರೆಯುವವರು ಹೆಚ್ಚು. ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯ ಹಳ್ಳಿಯೊಂದರಲ್ಲಿ ಹುಟ್ಟಿ, ನೆರೆಯ ಗಾಲ್ಫ್ ಮೈದಾನದಲ್ಲಿ ಚೆಂಡು ಹೆಕ್ಕುತ್ತ ಆಟ ಕಲಿತ ಚಿಕ್ಕರಂಗಪ್ಪನವರು ವೃತ್ತಿಪರ ಆಟಗಾರರಾದರು. ಎಲ್ಲ ಹುಡುಗರಿಗೂ ಆ ಯೋಗ ಬಾರದು. ಆದರೆ ನಿಯಮ ಬಲ್ಲವನಿಗೆ ಮೈದಾನದಲ್ಲಿ ಒಂದು ಬೆಲೆ ಬಂದೇ ಬರುವುದು.

ಇನ್ನು ಮ್ಯಾನೇಜರರ ವಾದ: ಇದು ಪಂದ್ಯಾವಳಿಯಲ್ಲ, ಭಾನುವಾರದ ಆಟ. ಇದರಲ್ಲಿ ಹುರುಳಿಲ್ಲದಿಲ್ಲ. ಸ್ನೇಹದ ಆಟದಲ್ಲಿ ದಂಡ ವಿಧಿಸುವ ಸಮಿತಿಯಿಲ್ಲ. ಹೊಸಬನೊಬ್ಬನು ಸಂಜೆಯ ಹೊತ್ತು, ಹಿಂದೆ ಮುಂದೆ ಯಾರೂ ಇಲ್ಲದಾಗ, ಕಡ್ಡಿ ಇಟ್ಟುಕೊಂಡು ನಾಲ್ಕು ಕುಳಿ ಆಡಿದರೆ ಆಕಾಶವೇನೂ ಕಳಚಿ ಬೀಳದು. ಅದು ಅಭ್ಯಾಸ, ಅವನೂ ಅಭ್ಯಾಸವೆಂದೇ ಹೇಳುತ್ತಾನೆ. ಅವನನ್ನು ಹಿಡಿದು ನಿಯಮ ಓದಿಸಲು ಹೋಗುವವನೇ ಮರ್ಯಾದೆ ತಪ್ಪಿದವನು.

ಆದರೆ ಪಣವಿದ್ದಲ್ಲಿ ಮಾತು ಬೇರೆ. ಪಣವು ಒಂದು ಕಪ್ಪು ಚಹಾ ಆಗಿದ್ದರೂ, ನಾಲ್ವರೂ ಒಂದೇ ನಿಯಮದಡಿ ಆಡುತ್ತಿದ್ದೇವೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಒಬ್ಬನು ಕಡ್ಡಿಯಿಟ್ಟು ಉಳಿದವರು ಇಡದೆ ಆಡಿದರೆ ಬಿಲ್ಲು ಕೊಡುವವನ ಮನಸ್ಸಿನಲ್ಲಿ ಕಹಿ ಉಳಿಯುವುದು. ಮೊದಲ ಕುಳಿಯಲ್ಲಿಯೇ ‘ಇಂದು ಕಡ್ಡಿ ಇಡಬಹುದೆ?’ ಎಂದು ಕೇಳಿ, ಎಲ್ಲರೂ ಒಪ್ಪಿ, ಎಲ್ಲರಿಗೂ ಆ ಸೌಕರ್ಯವಿದ್ದರೆ ಅದು ಅವರವರೊಳಗಿನ ಒಪ್ಪಂದ. ಗಾಲ್ಫ್ ನಿಯಮದಂತೆ ನಡೆದ ಆಟವೆಂದು ಮಾತ್ರ ಅದನ್ನು ಕರೆಯಲಾಗದು.

ಹೀಗೆ ಆಡಿದ ಅಂಕವನ್ನು ಹ್ಯಾಂಡಿಕ್ಯಾಪಿಗಾಗಿ ದಾಖಲೆ ಮಾಡಲೂ ಸಲ್ಲದು. ಬಲಶಾಲಿಯೂ ದುರ್ಬಲನೂ ಸಮನಾಗಿ ಆಡುವಂತೆ ದುರ್ಬಲನಿಗೆ ಕೊಡುವ ಹೊಡೆತಗಳ ರಿಯಾಯಿತಿಯೇ ಹ್ಯಾಂಡಿಕ್ಯಾಪ್. ೨೦೨೦ರಲ್ಲಿ ಆರಂಭವಾದ ಜಾಗತಿಕ ಪದ್ಧತಿಯಲ್ಲಿ ಆಟಗಾರನ ಇತ್ತೀಚಿನ ೨೦ ಅಂಕಗಳಲ್ಲಿ ಅತ್ಯುತ್ತಮವಾದ ೮ನ್ನು ತೆಗೆದುಕೊಂಡು ಲೆಕ್ಕ ಹಾಕುತ್ತಾರೆ. ಅಂಕಗಳು ನಿಯಮಾನುಸಾರ ಆಡಿದವುಗಳೇ ಆಗಿರಬೇಕು. ಗುಮಾಸ್ತರಾದ ವಾಚಕರು ಇದರ ಸ್ವಾರಸ್ಯವನ್ನು ಥಟ್ಟನೆ ಗ್ರಹಿಸಿಯಾರು. ಕಡ್ಡಿಯ ಸಹಾಯದಿಂದ ಬಂದ ಒಳ್ಳೆಯ ಅಂಕವನ್ನು ಜಮಾ ಮಾಡಿದವನ ರಿಯಾಯಿತಿ ಕಡಿಮೆಯಾಗುತ್ತದೆ. ಮುಂದಿನ ಪಂದ್ಯದಲ್ಲಿ ಕಡ್ಡಿಯೂ ಇಲ್ಲ, ರಿಯಾಯಿತಿಯೂ ಇಲ್ಲ. ತನ್ನ ಖಾತೆಗೆ ತಾನೇ ಸುಳ್ಳು ಜಮೆ ಬರೆದು ತಾನೇ ಬಡ್ಡಿ ತೆರುವ ವ್ಯವಹಾರ!

ಕಾಲದ ಪ್ರಶ್ನೆಯೊಂದಿದೆ. ಸರದಿ ಬಂದ ಮೇಲೆ ೪೦ ಸೆಕೆಂಡುಗಳೊಳಗೆ ಹೊಡೆಯಬೇಕೆಂದು ನಿಯಮಾವಳಿಯೇ ಸಲಹೆ ಮಾಡುತ್ತದೆ. ಕಡ್ಡಿ ತೆಗೆದು, ಇಟ್ಟು, ಹಿಂದೆ ಹೋಗಿ ನೋಡಿ, ಮತ್ತೆ ಸರಿಪಡಿಸಿ ನಿಲ್ಲುವಷ್ಟರಲ್ಲಿ ಹಿಂದಿನ ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಚೆಂಡಿನ ಮೇಲಿನ ಗೆರೆ ನಿಯಮಬದ್ಧವೇ ಸರಿ. ಆದರೆ ಎರಡಡಿ ದೂರದ ಹೊಡೆತಕ್ಕೆ ಮೂರು ಬಾರಿ ಕುಕ್ಕರಿಸಿ ಗೆರೆ ತಿರುಗಿಸುವವನು ಕಡ್ಡಿಯವನಿಗಿಂತ ಹೆಚ್ಚಿನ ಪೀಡೆಯೆಂಬುದು ನಮ್ಮ ಅಭಿಪ್ರಾಯ.

ನಮ್ಮ ಪರಿಚಿತರ ಪ್ರಶ್ನೆಗೆ ಈಗ ಬರೋಣ. ನಿಯಮದ ದೃಷ್ಟಿಯಿಂದ ಅವರ ಮಾತು ಸರಿ. ಪಣವೂ ಇದ್ದುದರಿಂದ ಎರಡು ಪಾಲು ಸರಿ. ಪಂದ್ಯದಲ್ಲಿ ಎದುರಾಳಿಗೆ ‘ನಿಮ್ಮ ಭುಜ ಬಲಕ್ಕೆ ತಿರುಗಿದೆ’ ಎಂದು ಹೇಳಿದರೆ ಅದು ಸಲಹೆಯೆನಿಸಿ ಹೇಳಿದವನಿಗೇ ದಂಡ ಬೀಳುವುದು. ಆದರೆ ನಿಯಮವೇನೆಂದು ತಿಳಿಸುವುದು ಸಲಹೆಯಾಗುವುದಿಲ್ಲ. ಅದು ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಗುಮಾಸ್ತನು ಮ್ಯಾನೇಜರಿಗೂ, ಕ್ಯಾಡಿಯು ಎದುರು ಪಕ್ಷದವರಿಗೂ ಹೇಳಬಹುದು. ಇಂತಹ ಸ್ವಾತಂತ್ರ್ಯ ನಮ್ಮ ಕಚೇರಿಗಳಲ್ಲಿ ಎಷ್ಟಿದೆಯೋ ವಾಚಕರೇ ಬಲ್ಲರು.

ಹೇಳಿದ ಸಮಯ ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ. ಕಡ್ಡಿ ಚೀಲದಿಂದ ಹೊರಬರುವುದನ್ನು ಅವರು ಕಂಡಿದ್ದರು; ಆಗಲೇ ಮೆಲ್ಲಗೆ ಹೇಳಿದ್ದರೆ ಅದು ಉಪಕಾರವಾಗುತ್ತಿತ್ತು. ಹೊಡೆತ ಚೆನ್ನಾಗಿ ಹೋದ ಮೇಲೆ ಇಬ್ಬರ ಮುಂದೆ ಹೇಳಿದ್ದರಿಂದ ಅದು ಆಕ್ಷೇಪಣೆಯಾಯಿತು. ಮ್ಯಾನೇಜರರಾದರೂ ‘ಸರಿ, ಎರಡು ಹೊಡೆತ ಬರೆದುಕೊಳ್ಳಿ’ ಎಂದಿದ್ದರೆ ಅವರ ಗೌರವ ಇಮ್ಮಡಿಸುತ್ತಿತ್ತು. ಈ ಆಟದಲ್ಲಿ ಬಹುಮಟ್ಟಿಗೆ ಅಂಪೈರನಿಲ್ಲ. ತಪ್ಪನ್ನು ತಾನೇ ಹೇಳಿಕೊಳ್ಳುವುದು ಸಂಪ್ರದಾಯ. ೧೯೨೫ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸರು, ಬೇರಾರೂ ಕಾಣದಿದ್ದರೂ, ತಮ್ಮ ಚೆಂಡು ಅಲುಗಿತೆಂದು ತಾವೇ ಹೇಳಿ ಒಂದು ಹೊಡೆತ ದಂಡ ಬರೆಸಿಕೊಂಡರು. ಅದರಿಂದಾಗಿ ಪಂದ್ಯ ಸಮವಾಗಿ, ಮರು ಆಟದಲ್ಲಿ ವಿಲ್ಲಿ ಮೆಕ್‌ಫರ್ಲೇನರಿಗೆ ಒಂದು ಹೊಡೆತದಿಂದ ಸೋತರು.

ಮುಂದಿನ ಭಾನುವಾರಕ್ಕೆ ನಾವು ಸೂಚಿಸಿದ್ದು ಇಷ್ಟು. ಅರ್ಧ ಗಂಟೆ ಮುಂಚಿತವಾಗಿ ಹೋಗಿ ಅಭ್ಯಾಸದ ಬಯಲಿನಲ್ಲಿ ಕಡ್ಡಿ ಇಟ್ಟು ಇಪ್ಪತ್ತು ಚೆಂಡು ಹೊಡೆಯುವುದು. ಕಡ್ಡಿಯಿಲ್ಲದಿದ್ದರೆ ಎರಡು ಕೋಲುಗಳನ್ನೇ ಕಂಬಿಗಳಂತೆ ಮಲಗಿಸಿದರೂ ಸಾಕು, ಖರ್ಚಿಲ್ಲ. ಆ ಬಳಿಕ ಕಡ್ಡಿಯನ್ನು ಚೀಲದ ತಳಕ್ಕೆ ಇಳಿಸಿ, ಪಣವೇನೆಂದೂ ಹೊಡೆತ ಎಣಿಸುವ ಕ್ರಮವೇನೆಂದೂ ಮೊದಲ ಕುಳಿಯಲ್ಲಿಯೇ ನಾಲ್ವರೂ ಮಾತಾಡಿಕೊಳ್ಳುವುದು. ಮ್ಯಾನೇಜರರನ್ನು ಅಭ್ಯಾಸಕ್ಕೆ ಕರೆಯುವ ಕೆಲಸ ನಮ್ಮ ಪರಿಚಿತರದು. ಕ್ಯಾಡಿ ಹುಡುಗನ ಕೈಯಲ್ಲಿ ಅಂದು ಕಡಿಮೆಯಾದ ಇನಾಮನ್ನು ಇಡುವ ಕೆಲಸವನ್ನೂ ಅವರಿಗೇ ವಹಿಸಿದ್ದೇವೆ.